ಧ್ವನಿ ಕಲಿಸಲು ಮಂಡಿಯಿಂದ ಬಂದವರು

ಟಿವಿ ಧಾರಾವಾಹಿಗಳಲ್ಲಿ ನಾನು ಈವರೆಗೆ ಏಳು ಸೊಸೆಯರನ್ನು ಗೋಳು ಹೊಯ್ದುಕೊಂಡಿದ್ದೇನೆ. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಸೊಪ್ಪು ಕೊಳ್ಳಲು ನಿಂತರೆ ಗುರುತು ಹಿಡಿದ ಹೆಂಗಸರು, "ಪಾಪ, ಆ ಹುಡುಗೀನ ಯಾಕ್ರೀ ಅಷ್ಟು ಅಳಿಸ್ತೀರಾ" ಎಂದು ನಿಜವಾದ ಕೋಪದಿಂದಲೇ ಕೇಳುತ್ತಾರೆ. ಅದು ನನ್ನ ಹೊಟ್ಟೆಪಾಡು. ಅದಕ್ಕೂ ಮೊದಲು ಇಪ್ಪತ್ತು ವರ್ಷ ರಂಗದ ಮೇಲಿದ್ದೆ. ಈಗಲೂ ವರ್ಷಕ್ಕೊಂದು ನಾಟಕದಲ್ಲಿ ಪಾತ್ರ ಮಾಡುತ್ತೇನೆ. ಆದರೆ ನಿಮ್ಮ ಕೆಲಸವೇನು ಎಂದು ಯಾರಾದರೂ ಕೇಳಿದರೆ ಕೆಲವು ವರ್ಷಗಳಿಂದ ನಾನು ಕೊಡುತ್ತಿರುವ ಉತ್ತರ ಒಂದೇ: ಚಾಮರಾಜಪೇಟೆಯಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತೇನೆ.

ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಅರ್ಹತೆ ನನಗೆ ಮೊದಲಿನಿಂದ ಇರಲಿಲ್ಲ. ನಾನು ಕಲಿಸಲು ಶುರು ಮಾಡಿದ್ದೇ ಅರೆಮನಸ್ಸಿನಿಂದ. ಪಾತ್ರಗಳು ಕಡಿಮೆಯಾದ ಮೇಲೆ ನಟರು ಮೇಷ್ಟ್ರಾಗುತ್ತಾರೆ ಎಂಬ ಮಾತು ನಮ್ಮ ವಲಯದಲ್ಲಿದೆ. ಅದನ್ನು ಬೇರೆಯವರ ಬಗ್ಗೆ ನಾನೂ ಆಡಿದವಳೇ. ಚಾಮರಾಜಪೇಟೆಯ ಹಳೆಯ ಶಾಲೆಯೊಂದರವರು ಭಾನುವಾರ ತಮ್ಮ ಸಭಾಂಗಣ ಖಾಲಿ ಇರುತ್ತದೆ, ಮಕ್ಕಳಿಗೆ ಏನಾದರೂ ಹೇಳಿಕೊಡಿ ಎಂದಾಗ ಒಪ್ಪಿಕೊಂಡೆ. ನೋಡೋಣ, ಬೇಸರವಾದರೆ ಬಿಟ್ಟರಾಯಿತು ಎಂದುಕೊಂಡಿದ್ದೆ.

ಜೊತೆಗೆ ಕಲಿಸಲು ಬಂದವರು ಮಾವಳ್ಳಿಯ ಲೈಟಿಂಗ್ ಮೇಷ್ಟ್ರು. ನಲವತ್ತು ವರ್ಷ ಊರೂರು ತಿರುಗಿ ನಾಟಕಗಳಿಗೆ ಬೆಳಕು ಮಾಡಿದವರು. ವಯಸ್ಸು ಎಪ್ಪತ್ತರ ಹತ್ತಿರ. ಮಾತು ಕಡಿಮೆ. ಅವರು ಮಕ್ಕಳನ್ನು ಒಂದೇ ಒಂದು ದೀಪದ ಮುಂದೆ ಕಣ್ಣು ಮುಚ್ಚಿಸಿ ನಡೆಸುತ್ತಿದ್ದರು. "ಬೆಳಕು ನಿನ್ನ ಹುಡುಕ್ಕೊಂಡು ಬರಲ್ಲ ಕಣೋ. ಕೆನ್ನೆ ಎಲ್ಲಿ ಬಿಸಿ ಆಗುತ್ತೋ ಅಲ್ಲಿ ನಿಂತ್ಕೋ, ಅದೇ ನಿನ್ನ ಜಾಗ" ಎನ್ನುತ್ತಿದ್ದರು. ಮಕ್ಕಳು ಕೆನ್ನೆ ಮುಂದೆ ಮಾಡಿಕೊಂಡು ಬೆಕ್ಕಿನಂತೆ ಹೆಜ್ಜೆಯಿಡುತ್ತಿದ್ದರು. ಅವರ ಪಾಠ ನೋಡಲು ಚೆನ್ನಾಗಿತ್ತು. ಆದರೆ ನಿಜವಾದ ಪಾಠ ನನ್ನದು, ಅಭಿನಯ, ಧ್ವನಿ, ಮಾತು ಎಲ್ಲ ನನ್ನ ಕೈಯಲ್ಲಿದೆ ಎಂಬ ಜಂಬ ನನಗಿತ್ತು.

ಹದಿನೆಂಟು ಮಕ್ಕಳಿದ್ದರು. ಹೆಚ್ಚಿನವರು ಬಸವನಗುಡಿಯಿಂದ, ಚಾಮರಾಜಪೇಟೆಯಿಂದ ಅಪ್ಪ ಅಮ್ಮಂದಿರ ಸ್ಕೂಟರಿನಲ್ಲೋ ಕಾರಿನಲ್ಲೋ ಬರುತ್ತಿದ್ದರು. ಒಬ್ಬಳು ಮಾತ್ರ ನಡೆದು ಬರುತ್ತಿದ್ದಳು, ಒಬ್ಬಳೇ. ಎಂಟನೇ ಕ್ಲಾಸು. ಎರಡು ಜಡೆ ಎತ್ತಿ ಕಟ್ಟಿ ರಿಬ್ಬನ್ ಹಾಕಿಕೊಂಡು, ಭಾನುವಾರವೂ ಸ್ಕೂಲಿಗೆ ಬಂದವಳಂತೆ ಕಾಣುತ್ತಿದ್ದಳು. ತನ್ನ ಸ್ಕೂಲಿನ ಗೋಡೆಗೆ ಅಂಟಿಸಿದ್ದ ನಮ್ಮ ಕಾಗದ ನೋಡಿ ತಾನೇ ಅರ್ಜಿ ತುಂಬಿಸಿ, ಅಪ್ಪನ ಸಹಿ ಹಾಕಿಸಿಕೊಂಡು ತಂದಿದ್ದಳು. ಮಾತಿನಲ್ಲಿ ಚುರುಕು. ಮೊದಲ ವಾರವೇ ಲೈಟಿಂಗ್ ಮೇಷ್ಟ್ರನ್ನು "ತಾತ" ಎಂದು ಕರೆಯಲು ಶುರು ಮಾಡಿದಳು. ಅವರು ಬೇಡ ಎನ್ನಲಿಲ್ಲ.

ಎರಡನೆಯ ವಾರ ನಾನು ಧ್ವನಿಯ ಪಾಠ ಇಟ್ಟುಕೊಂಡೆ. ಸಭಾಂಗಣದ ಒಂದು ತುದಿಯ ವೇದಿಕೆಯಲ್ಲಿ ನಿಂತು, ಇನ್ನೊಂದು ತುದಿಯ ಬಾಗಿಲ ಬಳಿ ಕೂತವರಿಗೆ ತಲುಪುವಂತೆ "ಅಮ್ಮ, ಬಾಗ್ಲು ತೆಗಿ" ಎನ್ನಬೇಕು. ಮಕ್ಕಳು ಒಬ್ಬೊಬ್ಬರಾಗಿ ಬಂದರು. ಕೆಲವರ ದನಿ ಮಧ್ಯದಲ್ಲೇ ಬಿದ್ದುಹೋಯಿತು. ಕೆಲವರು ಗಂಟಲು ಹರಿದುಕೊಂಡರು. ಈ ಹುಡುಗಿಯ ಸರದಿ ಬಂತು. ಅವಳು ಕಾಲನ್ನು ಸ್ವಲ್ಪ ಅಗಲಿಸಿ ನಿಂತು, ಬಾಗಿಲ ಬಳಿಯಿದ್ದವರನ್ನು ಒಮ್ಮೆ ನೋಡಿ ಬಾಯಿ ತೆರೆದಳು. ಛಾವಣಿಯ ತೊಲೆಯ ಮೇಲಿದ್ದ ಪಾರಿವಾಳಗಳು ಎದ್ದು ಹಾರಿದವು.

ಹಿಂದಿನ ದಿನ ಶೂಟಿಂಗ್ ತಡವಾಗಿ ಮುಗಿದು ನನಗೆ ತಲೆನೋವಿತ್ತು. ಇದು ನೆಪವಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

"ಏಯ್, ಇದೇನು ಕಲಾಸಿಪಾಳ್ಯ ಮಾರ್ಕೆಟ್ಟಾ?" ಎಂದೆ. "ನಾವಿಲ್ಲಿ ನಾಟಕ ಮಾಡೋಕೆ ಬಂದಿರೋದು, ತರಕಾರಿ ಮಾರೋಕಲ್ಲ."

ಮಕ್ಕಳೆಲ್ಲ ನಕ್ಕರು. ನಟಿಗೆ ನಗು ಕಿವಿಗೆ ಬಿದ್ದರೆ ಸಕ್ಕರೆ ತಿಂದಂತೆ. ನಾನು ಹುಬ್ಬು ಹಾರಿಸಿ ಆ ನಗುವನ್ನು ಇನ್ನೂ ಸ್ವಲ್ಪ ಎಳೆದೆ. ಹುಡುಗಿಯೂ ತುಟಿಯಲ್ಲೇ ನಕ್ಕಂತೆ ಮಾಡಿ ಕೆಳಗಿಳಿದಳು. ಆಮೇಲೆ ಇಡೀ ಬೆಳಗ್ಗೆ ಅವಳು ಮೆತ್ತಗೆ ಮಾತಾಡಿದಳು. ನೋಡು, ಒಂದೇ ಮಾತಿಗೆ ಎಷ್ಟು ತಿದ್ದಿಕೊಂಡಳು ಎಂದು ನಾನು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ. ಅವಳದಲ್ಲ, ನನ್ನದು.

ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮೂರನೆಯ ಭಾನುವಾರ ಮಕ್ಕಳೆಲ್ಲ ಹೋದ ಮೇಲೆ ಲೈಟಿಂಗ್ ಮೇಷ್ಟ್ರು ವೈರು ಸುತ್ತುತ್ತ ಕೇಳಿದರು.

"ಆ ದೊಡ್ಡ ದನಿ ಹುಡುಗಿ ಎಲ್ಲಮ್ಮಾ?"

"ಬರ್ತಿಲ್ಲ ಮೇಷ್ಟ್ರೇ. ಮಕ್ಕಳು ಹಾಗೇ ಅಲ್ವಾ, ಎರಡು ವಾರ ಬಂದು ಬಿಟ್ಬಿಡ್ತಾರೆ."

ಅವರು ಸುತ್ತುವುದನ್ನು ನಿಲ್ಲಿಸಲಿಲ್ಲ. "ಅವಳಪ್ಪ ಏನ್ ಕೆಲ್ಸ ಮಾಡೋದು ಗೊತ್ತಾ ನಿಂಗೆ?"

"ಇಲ್ಲ."

"ಕಲಾಸಿಪಾಳ್ಯದಲ್ಲಿ ತರಕಾರಿ ಮಂಡೀಲಿ ಹರಾಜು ಕೂಗೋದು. ಅರ್ಜೀಲಿ ಬರೆದಿತ್ತು. ನೀನು ಓದಿರಲ್ಲ."

ಅಷ್ಟೇ ಹೇಳಿ ವೈರನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದರು. ಬೈದಿದ್ದರೆ ಚೆನ್ನಾಗಿತ್ತು, ನಾನೂ ಎದುರು ಮಾತಾಡಬಹುದಿತ್ತು. ಸಭಾಂಗಣದ ಬಾಗಿಲಿಗೆ ಬೀಗ ಹಾಕುವಾಗ ಆ ಹುಡುಗಿಯ ಮುಖ ಕಣ್ಣ ಮುಂದೆ ಬರುತ್ತಿತ್ತು. ಹದಿನೇಳು ಮಕ್ಕಳ ಮುಂದೆ ನಾನು ಅವಳ ಅಪ್ಪನನ್ನು ನಗೆಪಾಟಲು ಮಾಡಿದ್ದೆ. ಅವಳು ಬೇರೆ ದಾರಿಯಿಲ್ಲದೆ ಜೊತೆಯಲ್ಲಿ ನಕ್ಕಿದ್ದಳು.

ಅರ್ಜಿಯಲ್ಲಿ ಫೋನ್ ನಂಬರಿತ್ತು. ಫೋನಿನಲ್ಲಿ ಹೇಳುವ ಮಾತಲ್ಲ ಅನ್ನಿಸಿತು. ಮರುದಿನ ಬೆಳಗ್ಗೆ ಆರಕ್ಕೆ ಆಟೋ ಹಿಡಿದು ಕಲಾಸಿಪಾಳ್ಯಕ್ಕೆ ಹೋದೆ.

ಹುಟ್ಟಿ ಬೆಳೆದದ್ದೆಲ್ಲ ಇದೇ ಊರಾದರೂ ಆ ಹೊತ್ತಿನಲ್ಲಿ ಆ ಮಾರ್ಕೆಟ್ಟಿನೊಳಗೆ ಕಾಲಿಟ್ಟಿರಲಿಲ್ಲ. ಕಾಲಡಿ ಕೋಸಿನ ಎಲೆ, ಕೆಸರು. ಹಿಂದಕ್ಕೆ ಬರುವ ಲಾರಿ, ತಲೆಯ ಮೇಲೆ ಮೂಟೆ ಹೊತ್ತು "ಸೈಡ್, ಸೈಡ್" ಎನ್ನುತ್ತ ಓಡುವವರು. ಟೀ ಅಂಗಡಿಯವನನ್ನು ವಿಚಾರಿಸಿದರೆ, "ಅವ್ರಾ? ಸುಮ್ನೆ ನಿಂತ್ಕೊಳಿ ಮೇಡಂ, ಕೇಳ್ಸುತ್ತೆ. ಆ ಕಡೆ ಹೋಗಿ" ಎಂದ. ಹಾಗೇ ಆಯಿತು. ಕಣ್ಣಿಗೆ ಬೀಳುವ ಮೊದಲೇ ಅವರು ಕಿವಿಗೆ ಬಿದ್ದರು.

ಬೀನ್ಸಿನ ಮೂಟೆಗಳ ಪಕ್ಕ ಒಂದು ಮರದ ಪೆಟ್ಟಿಗೆಯ ಮೇಲೆ ನಿಂತಿದ್ದರು. ತೆಳ್ಳಗಿನ ಮನುಷ್ಯ, ಹೆಗಲ ಮೇಲೊಂದು ಟವೆಲ್ಲು. ಸುತ್ತ ಐವತ್ತು ಅರವತ್ತು ಜನ, ಅದರಾಚೆ ಲಾರಿಗಳ ಹಾರನ್ನು. ಅವರು ಕೂಗುತ್ತಿದ್ದುದು ಆ ಎಲ್ಲ ಸದ್ದನ್ನೂ ದಾಟಿ ನಾನು ನಿಂತಲ್ಲಿಗೆ ಅಕ್ಷರ ಅಕ್ಷರವಾಗಿ ಬರುತ್ತಿತ್ತು. ಕತ್ತಿನ ನರ ಉಬ್ಬಿರಲಿಲ್ಲ. ಮುಖ ಕೆಂಪಾಗಿರಲಿಲ್ಲ. ಪಕ್ಕದಲ್ಲಿ ಕೂತವರೊಂದಿಗೆ ಮಾತಾಡುವಷ್ಟು ನಿರಾಳವಾಗಿದ್ದರು. ನಾನು ಈ ನಿರಾಳವನ್ನು ಕಲಿಯಲು ಮೂರು ವರ್ಷ ನಾಟಕ ಶಾಲೆಯಲ್ಲಿ ನೆಲದ ಮೇಲೆ ಮಲಗಿ ಹೊಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು ಉಸಿರಾಡಿದ್ದೆ. ಆದರೂ ಎರಡು ಪ್ರದರ್ಶನ ಒಟ್ಟೊಟ್ಟಿಗೆ ಬಂದರೆ ಗಂಟಲು ಕಟ್ಟುತ್ತಿತ್ತು. ಅರ್ಧ ಗಂಟೆ ಅಲ್ಲೇ ನಿಂತು ಕೇಳಿದೆ. ಏಕೆ ಬಂದೆ ಎಂಬುದೂ ನಡುವೆ ಮರೆತುಹೋಗಿತ್ತು.

ಹರಾಜು ನಿಂತಾಗ ಹತ್ತಿರ ಹೋಗಿ ನಮಸ್ಕಾರ ಮಾಡಿ, ನಿಮ್ಮ ಮಗಳ ನಾಟಕದ ಟೀಚರು ಎಂದೆ. ಅವರು ಟವೆಲ್ಲಿನಲ್ಲಿ ಕೈಯೊರೆಸಿಕೊಂಡು ಕೆಳಗಿಳಿದರು.

"ಓ, ಬನ್ನಿ ಮೇಡಂ, ಬನ್ನಿ. ಕ್ಲಾಸು ಮತ್ತೆ ಶುರು ಆಯ್ತಾ? ಒಂದ್ ತಿಂಗ್ಳು ರಜಾ ಅಂದಿದ್ಲು."

ಮಗಳು ಇವರಿಗೆ ಏನೂ ಹೇಳಿರಲಿಲ್ಲ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ನಡೆದದ್ದನ್ನು ಹೇಳಿದೆ. ನಾನಾಡಿದ ಮಾತನ್ನು ಇದ್ದ ಹಾಗೇ ಹೇಳಿದೆ, ಮಕ್ಕಳು ನಕ್ಕಿದ್ದನ್ನೂ ಹೇಳಿದೆ. ಅವರು ಟೀ ಲೋಟವನ್ನು ಬೆರಳಿನಲ್ಲಿ ತಿರುಗಿಸುತ್ತ ಕೇಳಿಸಿಕೊಂಡರು.

"ನಿಮಗೆ ಗೊತ್ತಿರ್ಲಿಲ್ಲ" ಎಂದರು ಕೊನೆಗೆ.

"ಗೊತ್ತಿದ್ರೂ ಗೊತ್ತಿಲ್ದಿದ್ರೂ ಅನ್ನಬಾರದಿತ್ತು."

"ಹೌದು" ಎಂದರು. ಸಮಾಧಾನ ಮಾಡಲು ಏನನ್ನೂ ಸೇರಿಸಲಿಲ್ಲ. ಟೀ ಕುಡಿದು ಮುಗಿಸಿ, "ಇಪ್ಪತ್ಮೂರು ವರ್ಷದಿಂದ ಕೂಗ್ತಿದೀನಿ ಮೇಡಂ. ನಂಗದ್ರಲ್ಲಿ ನಾಚಿಕೆ ಏನಿಲ್ಲ. ನಂಗೆ ಬೇಜಾರಾಗ್ಬಾರ್ದು ಅಂತ ಮಗು ಸುಳ್ಳು ಹೇಳ್ತಲ್ಲ, ಮೂರು ವಾರ ಮನೇಲಿ ಸುಮ್ನೆ ಕೂತಿತ್ತಲ್ಲ, ಅದಕ್ಕೆ ಸಂಕಟ ಆಗ್ತಿದೆ" ಎಂದರು.

ಲೋಟವನ್ನು ಬೆಂಚಿನ ಮೇಲಿಟ್ಟು ಮತ್ತೆ ಅವರೇ ಹೇಳಿದರು.

"ನಾನು ಹೋಗು ಅಂತ ಹೇಳಲ್ಲ. ಹೋಗ್ಬೇಡ ಅಂತಾನೂ ಹೇಳಲ್ಲ. ಅವಳನ್ನೇ ಕೇಳಿ. ಹಿಂದ್ಗಡೆ ಗಲ್ಲೀಲೇ ಮನೆ, ಇನ್ನೂ ಸ್ಕೂಲಿಗೆ ಹೊರಟಿರಲ್ಲ."

ಮೂಟೆ ಹೊರುವವರೊಬ್ಬರು ದಾರಿ ತೋರಿಸಿದರು. ಕಿರಿದಾದ ಮೆಟ್ಟಿಲು ಹತ್ತಿದರೆ ಮೊದಲ ಮಹಡಿಯಲ್ಲಿ ಮನೆ. ಹುಡುಗಿ ಕನ್ನಡಿಯ ಮುಂದೆ ಜಡೆ ಹಾಕಿಕೊಳ್ಳುತ್ತಿದ್ದಳು. ಅವಳ ಅಮ್ಮ ದೋಸೆ ಹುಯ್ಯುತ್ತಿದ್ದವರು ನನ್ನನ್ನು ಟಿವಿಯಲ್ಲಿ ನೋಡಿದ್ದರಿಂದ ಗುರುತು ಹಿಡಿದು ಗಾಬರಿಯಾಗಿ ಒಲೆ ಆರಿಸಿದರು. ಕೂರಲು ಕುರ್ಚಿ ಹಾಕಿ, ಏನೂ ಕೇಳದೆ ಕಾಫಿಗಿಟ್ಟರು. ಹುಡುಗಿ ಅರ್ಧ ಹೆಣೆದ ಜಡೆಯನ್ನು ಹಿಡಿದುಕೊಂಡೇ ನಿಂತಿದ್ದಳು.

"ಅಪ್ಪನ ಹತ್ರ ಮಾತಾಡ್ಬಿಟ್ಟು ಬಂದೆ" ಎಂದೆ. "ನಾನು ಅವತ್ತು ಅಂದಿದ್ದು ತಪ್ಪು. ನಿನ್ನ ಹತ್ರ ಕ್ಷಮೆ ಕೇಳೋಣ ಅಂತ ಬಂದೆ."

ಅವಳು ಅಮ್ಮನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಇಲ್ಲಿ ಕೇಳಿದ್ರೆ ಏನ್ ಪ್ರಯೋಜನ ಮಿಸ್" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕದ ಸಂದೇಹ ಕೇಳಿದ ಹಾಗಿತ್ತು. "ನೀವು ಹೇಳಿದ್ದು ಎಲ್ರ ಮುಂದೆ. ನಕ್ಕಿದ್ದು ಅವ್ರು."

"ಸರಿ" ಎಂದೆ. "ಭಾನುವಾರ ಎಲ್ರ ಮುಂದೇನೇ ಹೇಳ್ತೀನಿ. ಬರ್ತೀಯಾ?"

"ನೀವು ಹೇಳ್ತೀರಾ ಅಂದ್ರೆ ಬರ್ತೀನಿ."

ಆ ವಾರ ಶೂಟಿಂಗಿನಲ್ಲಿ ಮನಸ್ಸಿರಲಿಲ್ಲ. ಸಾವಿರ ಜನರೆದುರು ಅತ್ತಿದ್ದೇನೆ, ನಕ್ಕಿದ್ದೇನೆ, ಸತ್ತಿದ್ದೇನೆ. ಹದಿನೆಂಟು ಮಕ್ಕಳೆದುರು ಒಂದು ಮಾತು ಹೇಳುವುದಕ್ಕೆ ಬಾತ್‌ರೂಮಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಅಭ್ಯಾಸ ಮಾಡಿದಷ್ಟೂ ಅದು ಸಂಭಾಷಣೆಯಂತೆ ಕೇಳಿಸತೊಡಗಿತು. ಬಿಟ್ಟುಬಿಟ್ಟೆ.

ಭಾನುವಾರ ಅವಳು ಬಂದು ಗೋಡೆಯ ಪಕ್ಕ ಕೂತಳು. ನಾನು ವೇದಿಕೆ ಹತ್ತದೆ ಮಕ್ಕಳ ನಡುವೆಯೇ ನಿಂತು ಹೇಳಿದೆ. "ಹೋದ ತಿಂಗ್ಳು ನಾನು ಇವಳಿಗೆ ಮಾರ್ಕೆಟ್ಟಾ ಅಂತ ಅಂದೆ. ನೀವೆಲ್ಲ ನಕ್ಕಿರಿ, ನಾನೂ ನಕ್ಕೆ. ಅದು ತಪ್ಪು. ನಾನು ಕೊಟ್ಟ ಕೆಲ್ಸನ ಅವತ್ತು ಸರಿಯಾಗಿ ಮಾಡಿದ್ದು ಇವಳೊಬ್ಬಳೇ. ಅದು ನಂಗೆ ತಿಳೀಲಿಲ್ಲ. ಕ್ಷಮಿಸಮ್ಮಾ."

ಹೊರಗೆ ಯಾರೋ ಹಳೇ ಪೇಪರ್ ಎಂದು ಕೂಗಿಕೊಂಡು ಹೋದರು. ಬಸವನಗುಡಿಯಿಂದ ಬರುತ್ತಿದ್ದ ಕನ್ನಡಕದ ಹುಡುಗಿಯೊಬ್ಬಳು ಕೈಯೆತ್ತಿ, "ನಾನೂ ನಕ್ಕಿದ್ದೆ ಮಿಸ್" ಎಂದಳು. ಇನ್ನಿಬ್ಬರು ಕೈಯೆತ್ತಿದರು. ಮತ್ತೆ ನಾಲ್ವರು. ಗೋಡೆಯ ಪಕ್ಕ ಕೂತಿದ್ದವಳು ಇದನ್ನೆಲ್ಲ ನೋಡಿ, ಇಷ್ಟು ಸಾಕು ಅನ್ನಿಸಿತೇನೋ, ಎದ್ದು ನಿಂತು ಲಂಗದ ಧೂಳು ಕೊಡವಿಕೊಂಡಳು.

"ಆಯ್ತು. ಶುರು ಮಾಡೋಣ್ವಾ?"

ಲೈಟಿಂಗ್ ಮೇಷ್ಟ್ರು ಮೂಲೆಯಲ್ಲಿ ಬಲ್ಬು ಒರೆಸುತ್ತಿದ್ದರು. ಅವತ್ತು ಕ್ಲಾಸು ಮುಗಿದ ಮೇಲೆ ಬಸ್ ಸ್ಟಾಪಿನವರೆಗೂ ನನ್ನ ಜೊತೆ ನಡೆದು ಬಂದು, "ಇವತ್ತಿಂದ ನೀನು ಮೇಷ್ಟ್ರು" ಎಂದರು. ನನ್ನ ಮೂವತ್ತು ವರ್ಷದ ವೃತ್ತಿಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಬಂದಿವೆ. ಆ ಮಾತಿನ ಪಕ್ಕದಲ್ಲಿಡಬಹುದಾದದ್ದು ಯಾವುದೂ ಇಲ್ಲ.

ನನಗಾದರೋ ಮಂಡಿಯಲ್ಲಿ ಕೇಳಿದ ದನಿ ತಲೆಯಿಂದ ಹೋಗಿರಲಿಲ್ಲ. ಅವಳ ಅಪ್ಪನಿಗೆ ಫೋನ್ ಮಾಡಿ, ಒಂದು ದಿನ ಬಂದು ನಮ್ಮ ಮಕ್ಕಳಿಗೆ ಧ್ವನಿ ಹೇಳಿಕೊಡುತ್ತೀರಾ ಎಂದು ಕೇಳಿದೆ. ಅವರು ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು. ಎರಡನೇ ಸಲ ಕೇಳಿದಾಗ, ಮಗಳನ್ನು ಕೇಳಿ ಹೇಳುತ್ತೇನೆ ಎಂದರು. ಮಗಳು ಒಪ್ಪಿದಳು.

ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬಂದರು. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟರು. ವೇದಿಕೆಯ ಮೇಲೆ ನಿಲ್ಲಿಸಿದರೆ ಅವರ ಬಾಯಿಂದ ಮಾತೇ ಹೊರಡದು. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿದರು, ಮುಂದೆ ಕಟ್ಟಿದರು.

"ಮುಂದೆ ಮಾಲಿರ್ಬೇಕು ಮೇಡಂ. ಸುಮ್ನೆ ಕೂಗು ಅಂದ್ರೆ ಬರಲ್ಲ."

ಹುಡುಗಿ ಎದ್ದು ಮಕ್ಕಳ ಬ್ಯಾಗುಗಳನ್ನೆಲ್ಲ ತಂದು ಅವರ ಮುಂದೆ ಗುಡ್ಡೆ ಹಾಕಿದಳು. "ಅಪ್ಪ, ಇದು ಕ್ಯಾರೆಟ್ಟು ಅನ್ಕೋ. ಈಗ್ಲೇ ಲಾರಿ ಇಳಿದಿದೆ" ಎಂದಳು. ಅವರು ಬಗ್ಗಿ ಒಂದು ಬ್ಯಾಗನ್ನು ಎತ್ತಿ ತೂಗಿ ನೋಡಿದರು. ಅಷ್ಟೇ. ಬೆನ್ನು ನೆಟ್ಟಗಾಯಿತು, ಕಾಲು ಅಗಲವಾಯಿತು. "ಬನ್ನಿ ಬನ್ನಿ ಬನ್ನಿ, ಮಣ್ಣು ಇನ್ನೂ ಆರಿಲ್ಲ, ಮುಟ್ಟಿ ನೋಡಿ" ಎಂದರು ನೋಡಿ, ಬಾಗಿಲ ಬಳಿ ಕೂತಿದ್ದ ಹುಡುಗ ಗೊತ್ತಿಲ್ಲದೆ ಎದ್ದು ನಾಲ್ಕು ಹೆಜ್ಜೆ ಮುಂದೆ ಬಂದುಬಿಟ್ಟ.

ಆಮೇಲೆ ಒಂದು ಗಂಟೆ ಅವರದೇ ಪಾಠ. "ಕತ್ತಿಂದ ಕೂಗಿದ್ರೆ ಅರ್ಧ ಗಂಟೇಲಿ ದನಿ ಬಿದ್ದೋಗುತ್ತೆ. ಇಲ್ಲಿಂದ ಬರ್ಬೇಕು" ಎಂದು ಹೊಕ್ಕುಳ ಕೆಳಗೆ ಬೆರಳಿಟ್ಟು ತೋರಿಸಿದರು. "ಇನ್ನೊಂದು, ಎಲ್ರಿಗೂ ಅಂತ ಕೂಗ್ಬೇಡಿ. ಎಲ್ರಿಗೂ ಅಂತ ಕೂಗಿದ್ರೆ ಯಾರೂ ತಿರುಗಿ ನೋಡಲ್ಲ. ದೂರದಲ್ಲಿ ನಿಂತಿರೋ ಒಬ್ರನ್ನ ನೋಡಿ. ಅವ್ರಿಗೆ ಹೇಳಿ. ಮಿಕ್ಕವ್ರು ತಾವೇ ಕೇಳಿಸ್ಕೋತಾರೆ." ನಾನು ಮಕ್ಕಳ ಜೊತೆ ನೆಲದ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹುಡುಗಿ ಎಲ್ಲರಿಗಿಂತ ಹಿಂದೆ ಕೂತಿದ್ದಳು. ಅಪ್ಪನನ್ನು ನೋಡುತ್ತಿರಲಿಲ್ಲ. ಅಪ್ಪನನ್ನು ನೋಡುತ್ತಿದ್ದ ಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

ವರ್ಷದ ಕೊನೆಗೆ ಒಂದು ನಾಟಕ ಆಡುವುದೆಂದು ಮೊದಲೇ ಗೊತ್ತಾಗಿತ್ತು. ಸಿದ್ಧ ನಾಟಕ ಬೇಡ, ನಾವೇ ಕಟ್ಟೋಣ ಎಂದು ಮಕ್ಕಳು ಹಟ ಹಿಡಿದರು. ನಮ್ಮ ಸಭಾಂಗಣದ ಬೀಗದ ಕೈ ತಂದುಕೊಡುತ್ತಿದ್ದ ಆ ಶಾಲೆಯ ಆಯಾ ಅದೇ ವರ್ಷ ನಿವೃತ್ತರಾಗುವವರಿದ್ದರು. ಮೂವತ್ತು ವರ್ಷ ಶಾಲೆಯ ಗಂಟೆ ಹೊಡೆದವರು. ಮಕ್ಕಳು ಅವರ ಬೆನ್ನು ಬಿದ್ದು ಕಥೆ ಕೇಳಿ, ಅವರ ಕೊನೆಯ ಕೆಲಸದ ದಿನವನ್ನೇ ನಾಟಕ ಮಾಡಿದರು. ಅದು ಅವರ ಕೊನೆಯ ದಿನ ಎಂಬುದು ಶಾಲೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಎಂದಿನಂತೆ ಎಲ್ಲರೂ ಆಯಾ ಅದು ತಾ, ಆಯಾ ಇದು ಮಾಡು ಎನ್ನುತ್ತಿರುತ್ತಾರೆ. ಸಂಜೆ ಅವರು ಕೊನೆಯ ಗಂಟೆ ಹೊಡೆಯಬೇಕು. ಗಂಟೆಯ ಪಕ್ಕ ನಿಂತು ತಮಗೆ ತಾವೇ ಹೇಳಿಕೊಳ್ಳುತ್ತಾರೆ: "ಇವತ್ತು ಐದು ನಿಮಿಷ ಲೇಟಾಗಿ ಹೊಡೀತೀನಿ. ಇವತ್ತು ಯಾರು ಬೈದ್ರೆ ನಂಗೇನು." ಈ ಮಾತನ್ನು ಬರೆದದ್ದು ಕನ್ನಡಕದ ಹುಡುಗಿ. ಆಯಾಳ ಪಾತ್ರಕ್ಕೆ ಎಲ್ಲರೂ ಒಂದೇ ಹೆಸರು ಹೇಳಿದರು, ಮಂಡಿಯವರ ಮಗಳದು.

ಕಷ್ಟ ಬಂದದ್ದು ಆ ಮಾತಿನಲ್ಲೇ. ಕೂಗಿ ಹೇಳುವುದೆಲ್ಲ ಅವಳಿಗೆ ನೀರು ಕುಡಿದ ಹಾಗೆ. ಈ ಮಾತನ್ನು ಮಾತ್ರ ಕೂಗುವಂತಿಲ್ಲ. ಮೆತ್ತಗೆ ಹೇಳಿದರೆ ನಾಲ್ಕನೆಯ ಸಾಲಿಗೂ ತಲುಪುತ್ತಿರಲಿಲ್ಲ. ಮೈಕು ಹಾಕುವುದು ನನಗೆ ಇಷ್ಟವಿರಲಿಲ್ಲ. ಲೈಟಿಂಗ್ ಮೇಷ್ಟ್ರು ಕೊನೆಯ ಬೆಂಚಿನಲ್ಲಿ ಬೆನ್ನು ಮಾಡಿ ಕೂರುತ್ತಿದ್ದರು. ಕೇಳಿಸಿದರೆ ಕೈಯೆತ್ತಬೇಕು. ವಾರಗಟ್ಟಲೆ ಅವರ ಕೈ ಮೇಲೇಳಲಿಲ್ಲ. ಅವಳು ಅಳಲಿಲ್ಲ, ಬಿಡಲೂ ಇಲ್ಲ. ನಾನು ನನಗೆ ಗೊತ್ತಿದ್ದುದನ್ನೆಲ್ಲ ಹೇಳಿಕೊಟ್ಟು ಮುಗಿಸಿದ್ದೆ.

ಒಂದು ಭಾನುವಾರ ಬಂದವಳೇ, "ಮಿಸ್, ಅಪ್ಪನ್ನ ಕೇಳಿದೆ" ಎಂದಳು. "ಮಂಡೀಲಿ ಗಲಾಟೆ ಮಧ್ಯೆ ಒಬ್ರಿಗೆ ಮಾತ್ರ ಏನಾದ್ರೂ ಹೇಳ್ಬೇಕಾದ್ರೆ ಏನ್ ಮಾಡ್ತೀಯಾ ಅಂತ. ದನಿ ಮಾತ್ರ ಇಳಿಸ್ಬೇಕಂತೆ, ಉಸಿರು ಇಳಿಸ್ಬಾರ್ದಂತೆ. ಜೋರಾಗಿ ಕೂಗೋವಾಗ ಎಷ್ಟು ಉಸಿರು ಬೇಕೋ ಅಷ್ಟನ್ನೂ ತಗೊಂಡು ಮೆತ್ತಗೆ ಹೇಳ್ಬೇಕಂತೆ."

ವೇದಿಕೆ ಹತ್ತಿದಳು. ಉಸಿರು ತುಂಬಿಕೊಂಡು ಆ ಎರಡು ಸಾಲು ಹೇಳಿದಳು. ಪಿಸುಮಾತಿಗಿಂತ ಒಂದು ಎಳೆ ಹೆಚ್ಚು. ಮೇಷ್ಟ್ರ ಬೆನ್ನು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಬಲಗೈ ಮೇಲೆದ್ದಿತು. ಮಕ್ಕಳೆಲ್ಲ ಹೋ ಎಂದರು. ನನಗೂ ಹೋ ಎನ್ನಬೇಕೆನಿಸಿತು, ವಯಸ್ಸು ಅಡ್ಡ ಬಂತು.

ಪ್ರದರ್ಶನ ಬಸವನಗುಡಿಯ ಒಂದು ರಂಗಮಂದಿರದಲ್ಲಿ. ಸಂಜೆ ಆರಕ್ಕೆ ಜನ ತುಂಬಿದ್ದರು. ನಿಜವಾದ ಆಯಾ ಮುಂದಿನ ಸಾಲಿನಲ್ಲಿ ಹೊಸ ಸೀರೆ ಉಟ್ಟು ಕೂತಿದ್ದರು. ಹುಡುಗಿಯ ಅಮ್ಮ ಅವರ ಪಕ್ಕದಲ್ಲಿದ್ದರು. ಅಪ್ಪನಿಗೂ ಕುರ್ಚಿ ಇಟ್ಟಿದ್ದೆವು. ಅವರು ಕೂರಲೊಲ್ಲದೆ ಹಿಂದಿನ ಗೋಡೆಗೆ ಒರಗಿ ನಿಂತಿದ್ದನ್ನು ಪರದೆಯ ಸಂದಿಯಿಂದ ನೋಡಿದೆ.

ಮಕ್ಕಳು ಚೆನ್ನಾಗಿ ಮಾಡಿದರು. ಒಬ್ಬ ಒಂದು ಮಾತು ಮರೆತ, ಇನ್ನೊಬ್ಬಳು ಅವನ ಬದಲು ಹೇಳಿ ಸರಿದೂಗಿಸಿದಳು. ಒಂದು ಕುರ್ಚಿ ಉರುಳಿಬಿತ್ತು, ಅದನ್ನು ಎತ್ತಿಡಲೂ ಆಯಾಳನ್ನೇ ಕರೆದರು. ಅದು ನಾಟಕದಲ್ಲಿ ಇರಲಿಲ್ಲ, ಅಲ್ಲೇ ಹುಟ್ಟಿದ್ದು. ಸಭೆ ನಕ್ಕಿತು. ಆಮೇಲೆ ಮಕ್ಕಳೆಲ್ಲ ಒಳಗೆ ಹೋದರು. ಅವಳೊಬ್ಬಳು ಗಂಟೆಯ ಪಕ್ಕ ಉಳಿದಳು. ಹೊರಗೆ ರಸ್ತೆಯಲ್ಲಿ ಬಸ್ಸೊಂದು ಹಾರನ್ ಹೊಡೆಯಿತು. ಅವಳು ಕಾದಳು. ಹದಿಮೂರು ವರ್ಷದ ಹುಡುಗಿ, ಸಭೆಯ ಮುಂದೆ ಬರಿಗೈಯಲ್ಲಿ ನಿಂತು, ಬಸ್ಸು ಹೋಗುವವರೆಗೆ ಕಾದಳು. ಆಮೇಲೆ ಉಸಿರು ತುಂಬಿಕೊಂಡು ಆ ಮಾತನ್ನು ಹೇಳಿದಳು. ಸಭೆಯಲ್ಲಿ ಕೆಮ್ಮಿಲ್ಲ, ಕುರ್ಚಿಯ ಕಿರಿಕ್ಕಿಲ್ಲ.

ಆ ಮಾತಾದ ಕೂಡಲೇ ಬೆಳಕು ಇಳಿಯಬೇಕಿತ್ತು. ಇಳಿಯಲಿಲ್ಲ. ಅವಳು ಆ ಬೆಳಕಿನಲ್ಲಿ ಗಂಟೆಯ ಕಡೆ ನೋಡುತ್ತ ಹಾಗೇ ನಿಂತಿದ್ದಳು. ತುಂಬಾ ಹೊತ್ತಿನ ಮೇಲೆ ಕತ್ತಲಾಯಿತು. ಆಮೇಲೆ ಕೇಳಿದರೆ ಲೈಟಿಂಗ್ ಮೇಷ್ಟ್ರು, "ಮರ್ತ್ಬಿಟ್ಟೆ ಕಣಮ್ಮ. ನೋಡ್ತಾ ಕೂತ್ಬಿಟ್ಟೆ" ಎಂದರು. ನಲವತ್ತು ವರ್ಷದಲ್ಲಿ ಅವರು ಬೆಳಕು ತಪ್ಪಿದ್ದನ್ನು ಕಂಡವರು ಯಾರೂ ಇಲ್ಲ.

ಚಪ್ಪಾಳೆ ಮುಗಿದು ಒಳಗೆ ಗದ್ದಲವೋ ಗದ್ದಲ. ನಿಜವಾದ ಆಯಾ ಬಂದು ಹುಡುಗಿಯ ಗಲ್ಲ ಹಿಡಿದು, "ನಾನು ಹೀಗಾ ನಡಿಯೋದು? ಬಾತುಕೋಳಿ ತರ?" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎಲ್ಲರಿಗಿಂತ ಕೊನೆಗೆ ಅಪ್ಪ ಬಂದರು. ಮಗಳ ಮುಂದೆ ನಿಂತರು. ಅವಳು ಬಿಳಿ ಬಣ್ಣ ಬಳಿದ ಕೂದಲಲ್ಲೇ ಅವರ ಮುಖ ನೋಡುತ್ತ ನಿಂತಳು.

"ಕೇಳಿಸ್ತು" ಎಂದರು.

ಅವಳು ತಲೆಯಾಡಿಸಿದಳು.

ಇದಾಗಿ ವರ್ಷಗಳಾದವು. ಮುಂದಿನ ಜೂನ್‌ನಲ್ಲಿ ಕಲಾಸಿಪಾಳ್ಯದಿಂದ ಏಳು ಮಕ್ಕಳು ಸೇರಿದರು, ಅವರನ್ನು ಕರೆತಂದವಳು ಇವಳೇ. ಅಪ್ಪ ಪ್ರತಿ ವರ್ಷ ಎರಡು ಭಾನುವಾರ ಬಂದು ಧ್ವನಿಯ ಪಾಠ ಮಾಡುತ್ತಾರೆ. ಈಗ ಅವರಿಗೆ ಬ್ಯಾಗಿನ ಗುಡ್ಡೆ ಬೇಕಾಗಿಲ್ಲ. ಅವಳು ಈಗ ಮಲ್ಲೇಶ್ವರದ ಕಾಲೇಜೊಂದರಲ್ಲಿ ಡಿಗ್ರಿ ಓದುತ್ತಿದ್ದಾಳೆ. ನಟಿಯಾಗುತ್ತೀಯಾ ಎಂದು ಯಾರಾದರೂ ಕೇಳಿದರೆ, "ನೋಡ್ಬೇಕು, ಆದ್ರೆ ಕಲಿಸೋದಂತೂ ಬಿಡಲ್ಲ" ಎನ್ನುತ್ತಾಳೆ. ಚಿಕ್ಕ ಮಕ್ಕಳ ತಂಡ ಪೂರ್ತಿ ಅವಳದೇ.

ಈ ವರ್ಷ ನನಗೆ ಮಂಡಿಚಿಪ್ಪಿನ ಆಪರೇಷನ್ ಆಯಿತು. ಆರು ಭಾನುವಾರ ಮನೆಯಲ್ಲಿ ಕಾಲು ಚಾಚಿ ಮಲಗಿದ್ದೆ. ಮೊದಲ ಭಾನುವಾರ ಮಧ್ಯಾಹ್ನ ತಡೆಯಲಾಗದೆ ಲೈಟಿಂಗ್ ಮೇಷ್ಟ್ರಿಗೆ ಫೋನ್ ಮಾಡಿದೆ.

"ಏನಾಯ್ತು ಮೇಷ್ಟ್ರೇ ಇವತ್ತು?"

"ಏನೂ ಆಗ್ಲಿಲ್ಲ. ಕ್ಲಾಸ್ ನಡೀತು."

"ದೊಡ್ಡ ಮಕ್ಕಳನ್ನ ಯಾರು ನೋಡ್ಕೊಂಡ್ರು?"

"ಅವಳೇ. ನೀನು ಮಲ್ಕೋ."

ಮುಂದಿನ ವಾರಗಳಲ್ಲಿ ಫೋನ್ ಮಾಡುವುದನ್ನು ಬಿಟ್ಟೆ. ಕಳೆದ ಭಾನುವಾರ ಕೋಲೂರಿಕೊಂಡು, ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ, ಯಾರಿಗೂ ಹೇಳದೆ ಹೋದೆ. ಸಭಾಂಗಣದ ಬಾಗಿಲು ತೆರೆದಿತ್ತು. ಒಳಗೆ ಮೂವತ್ತಕ್ಕೂ ಹೆಚ್ಚು ಮಕ್ಕಳು. ಅವಳು ನನಗೆ ಬೆನ್ನು ಮಾಡಿ ನಿಂತು ಒಬ್ಬ ಅಳುಕುವ ಹುಡುಗನಿಗೆ ಏನೋ ಹೇಳುತ್ತಿದ್ದಳು, ಅವನ ಎತ್ತರಕ್ಕೆ ಬಗ್ಗಿ. ಯಾರೂ ತಿರುಗಿ ನೋಡಲಿಲ್ಲ. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ನಾನು ಮಾಡಿದ ಪಾತ್ರಗಳು ಯಾರ ನೆನಪಿನಲ್ಲೂ ಇರದ ಕಾಲಕ್ಕೂ ಇದು ನಡೆಯುತ್ತಿರುತ್ತದೆ ಅನ್ನಿಸಿ ಎದೆ ತುಂಬಿಬಂತು.

ಅಷ್ಟರಲ್ಲಿ ಏಳೆಂಟು ವರ್ಷದ ಹೊಸ ಹುಡುಗಿಯೊಬ್ಬಳು ನನ್ನ ಪಕ್ಕ ಬಂದು ನಿಂತಳು. ಕೋಲನ್ನು ನೋಡಿದಳು, ನನ್ನನ್ನು ನೋಡಿದಳು.

"ಅಜ್ಜಿ, ಮೊಮ್ಮಕ್ಕಳನ್ನ ಸೇರಿಸೋಕೆ ಬಂದ್ರಾ? ಫಾರಂ ಆ ಅಕ್ಕನ ಹತ್ರ ಇದೆ. ಕ್ಲಾಸ್ ಮುಗಿಯೋವರ್ಗೂ ಮಾತ್ರ ಸುಮ್ನೆ ಕೂತ್ಕೋಬೇಕು."

"ಆಯ್ತಮ್ಮಾ" ಎಂದು ಸುಮ್ಮನೆ ಕೂತೆ.